ಪದ ಬೇಕು: ಸರ್ವರ್ ‘ಶಟ್‌ಡೌನ್’ ಮತ್ತು ‘ರೀಬೂಟ್’ (ಸೋಮವಾರದೊಳಗೆ)

ಉತ್ತರ ಕೊಟ್ಟ ಎಲ್ಲರಿಗೂ ನಮಸ್ಕಾರ. ನಮ್ಮ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಹಾಕುವ ಬೋರ್ಡ್ ಬರೆಯುವವರು ಸೋಮವಾರ ಬೆಳಿಗ್ಗೆ ಬರುತ್ತಾರೆ. ನಾನು ಕೇಳಿದ್ದು ‘ಶಟ್‌ಡೌನ್’, ‘ರೀಬೂಟ್’ಗೆ ಕನ್ನಡದಲ್ಲಿ ಏನನ್ನಬೇಕು ಅಂತ, ಎರಡೇ ಪದ. ಚರ್ಚೆ ಮಾತ್ರ ಎರಡು ದಿನದಿಂದ ಅರಿಸಮಾಸದ (ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ, ವ್ಯಾಕರಣ ಒಪ್ಪದ ಸಮಾಸದ) ಸುತ್ತ ಸುತ್ತುತ್ತಿದೆ. ಹಾಗಾಗಿ ಈ ಬೋರ್ಡ್ ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ಉತ್ತರಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ನಮ್ಮ ಲ್ಯಾಬಿನಲ್ಲಿ ಇರುವುದು ಒಂದೇ ಯೂನಿಕ್ಸ್ ಸರ್ವರ್, ಹಲವರು ಒಟ್ಟಿಗೆ ಬಳಸುವ ಯಂತ್ರ. 40 ಮಕ್ಕಳು ಅದಕ್ಕೇ ಲಾಗಿನ್ ಆಗುತ್ತಾರೆ, ಕೆಲವರು ಹಾಸ್ಟೆಲಿನಿಂದಲೂ. ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ‘ಕೆಲಸ ಮುಗಿದ ಮೇಲೆ ಯಂತ್ರ ಆರಿಸಿ’. ಹೋದ ತಿಂಗಳು ಹೊಸದಾಗಿ ಸೇರಿದ ಸಹಾಯಕರು ಅದನ್ನು ಓದಿ, ಲ್ಯಾಬ್ ಖಾಲಿ ಇದೆ ಅಂತ ನೋಡಿ, ಸರ್ವರಿನ ಸ್ವಿಚ್ಚನ್ನೇ ಆಫ್ ಮಾಡಿದರು. ಹಾಸ್ಟೆಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದವರು ಅವರ ಕಣ್ಣಿಗೆ ಕಾಣುವುದು ಹೇಗೆ? ಮತ್ತೆ ಹಾಕಿದಾಗ ಪರದೆ ತುಂಬ ಡಿಸ್ಕ್ ತಪಾಸಣೆಯ ಸಾಲುಗಳು. ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್ ಫೈಲು ಹೆಸರು ಮಾತ್ರ ಉಳಿಸಿಕೊಂಡು ಸೊನ್ನೆ ಬೈಟ್ ಆಗಿತ್ತು. ಸಹಾಯಕರನ್ನು ಬೈಯಲಾರೆ. ಚೀಟಿ ಹೇಳಿದ್ದನ್ನೇ ಅವರು ಮಾಡಿದ್ದು.

> ‘ಆರಿಸು’ ಅಚ್ಚಗನ್ನಡ. ಬೇರೆ ಪದ ಹುಡುಕುವುದೇ ವ್ಯರ್ಥ.

ಅಚ್ಚಗನ್ನಡ ಹೌದು. ಆದರೆ ನಾವು ಆರಿಸುವುದು ದೀಪ, ಒಲೆ, ಫ್ಯಾನು. ಒಬ್ಬರು ಕೈ ಚಾಚಿದರೆ ಮುಗಿಯುವ ಕೆಲಸ ಅದು. ಸಾಲದ್ದಕ್ಕೆ ಕಂಪ್ಯೂಟರಿನಲ್ಲಿ ‘ಭಾಷೆ ಆರಿಸಿ’ ಅಂದರೆ ಆಯ್ದುಕೊಳ್ಳಿ ಅಂತ, ಅಲ್ವಾ? ಆರಿಹೋಗುವ ಅರ್ಥದ ‘ಆಱು’ ಶಕಟರೇಫದ್ದು (‘ಱ’ ಅನ್ನುವ ಹಳಗನ್ನಡದ ಅಕ್ಷರದ್ದು), ಆ ಅಕ್ಷರ ಉಳಿಸಿಕೊಂಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ ಅಂತ ಹಿರಿಯರೊಬ್ಬರು ಬರೆದಿದ್ದಾರೆ. ಒಪ್ಪಿದೆ. ನಮ್ಮ ಸಹಾಯಕರಿಗೆ ‘ಱ’ ಗೊತ್ತಿಲ್ಲ.

> ‘ಮರುಪ್ರಾರಂಭ’ ಅರಿಸಮಾಸ. ‘ಪುನರಾರಂಭ’ ಅನ್ನಿ. ಚರ್ಚೆ ಮುಗಿಯಿತು.

ಮುಗಿದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಇಡೀ ರಾಜ್ಯ ‘ಮರುಮೌಲ್ಯಮಾಪನ’ ಅನ್ನುತ್ತದೆ. ಅದನ್ನು ಮೊದಲು ತಿದ್ದಿ, ಆಮೇಲೆ ನನ್ನ ಬೋರ್ಡಿಗೆ ಬನ್ನಿ. ಇನ್ನು ‘ಶಾಲೆ ಪುನರಾರಂಭ’ ಅಂದರೆ ನಡುವೆ ರಜೆ ಕಳೆದಿರುತ್ತದೆ. ರೀಬೂಟ್ ಹಾಗಲ್ಲ. ನಿಲ್ಲಿಸುವುದೂ ಶುರು ಮಾಡುವುದೂ ಒಂದೇ ಆಜ್ಞೆಯಲ್ಲಿ ಆಗಿಹೋಗುತ್ತವೆ.

> ‘ಸ್ಥಗಿತಗೊಳಿಸು’ ಆಗಲೇ ಬಳಕೆಯಲ್ಲಿದೆಯಲ್ಲ?

‘ಸಂಚಾರ ಸ್ಥಗಿತ’, ‘ಕಾಮಗಾರಿ ಸ್ಥಗಿತ’ ಅಂತ ಓದಿದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ಬೇಡ.

> ‘ಶಟ್‌ಡೌನ್’ ಎಂದೇ ಬರೆಯಿರಿ. ಬಸ್ಸು, ಲೈಟು, ಸ್ವಿಚ್ಚು ಬಂದಿಲ್ಲವೇ?

ಎರವಲಿನ ಮೇಲೆ ನನಗೆ ಸಿಟ್ಟಿಲ್ಲ. ಸ್ವಿಚ್ಚು ನಮ್ಮದೇ ಆಗಿದೆ. ಆದರೆ ಮನೆಯ ಕಂಪ್ಯೂಟರ್ ಬಳಸಿ ಅಭ್ಯಾಸ ಆದವರಿಗೆ ‘ಶಟ್‌ಡೌನ್ ಮಾಡು’ ಅಂದರೂ ‘ಆಫ್ ಮಾಡು’ ಅಂದರೂ ಒಂದೇ. ಎರವಲು ಪದದ ಜೊತೆ ಅದರೊಳಗಿನ ಕ್ರಮ ಬಂದಿಲ್ಲ. ನನಗೆ ಬೇಕಾಗಿರುವುದು ಆ ಕ್ರಮ.

ಅದು ಏನು ಅಂತ ಕೇಳಿ. ಶಟ್‌ಡೌನ್ ಆಜ್ಞೆಗೆ 10 ನಿಮಿಷ ಅಂತ ಕೊಟ್ಟರೆ, ಲಾಗಿನ್ ಆಗಿರುವ ಎಲ್ಲರ ಟರ್ಮಿನಲ್‌ಗೂ ಎಚ್ಚರಿಕೆ ಹೋಗುತ್ತದೆ. ಕೊನೆಯ 5 ನಿಮಿಷ ರೂಟ್ (ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆ) ಬಿಟ್ಟು ಬೇರೆ ಯಾರೂ ಹೊಸದಾಗಿ ಒಳಗೆ ಬರುವಂತಿಲ್ಲ. ಹೊತ್ತು ಆದಾಗ, ನಡೆಯುತ್ತಿರುವ ಪ್ರೋಗ್ರಾಮುಗಳಿಗೆ ‘ಮುಗಿಸಿಕೊಳ್ಳಿ’ ಅಂತ ಮೊದಲ ಸಂಕೇತ. ಸ್ವಲ್ಪ ಕಾದು, ಕೇಳದೆ ಉಳಿದವುಗಳನ್ನು ಬಲವಂತವಾಗಿ ನಿಲ್ಲಿಸುತ್ತದೆ. ಮೆಮೊರಿಯಲ್ಲೇ ಉಳಿದು ಡಿಸ್ಕಿಗೆ ಇನ್ನೂ ಇಳಿಯದ ಬರಹವನ್ನೆಲ್ಲ ಇಳಿಸುತ್ತದೆ. ಕರೆಂಟು ಹೋಗುವುದು ಇಷ್ಟೆಲ್ಲ ಆದಮೇಲೆ. ನಡುವೆ ಮನಸ್ಸು ಬದಲಾದರೆ ರದ್ದು ಮಾಡಲೂ ಬರುತ್ತದೆ.

ನಮ್ಮ ಬೀದಿಯ ಕಿರಾಣಿ ಅಂಗಡಿಯವರು ರಾತ್ರಿ ಮಾಡುವುದೂ ಇದನ್ನೇ. ‘ಬಾಗಿಲು ಹಾಕ್ತೀವಿ, ಬೇಗ ಬೇಗ’ ಅಂತ ಕೂಗುತ್ತಾರೆ. ಷಟರ್ ಅರ್ಧ ಇಳಿಸುತ್ತಾರೆ, ಹೊಸಬರು ಒಳಗೆ ಬರುವಂತಿಲ್ಲ. ಒಳಗಿದ್ದವರು ಸಾಮಾನು ಕಟ್ಟಿಸಿಕೊಂಡು ಹೋಗುತ್ತಾರೆ. ಅವತ್ತಿನ ಉದ್ರಿ ಲೆಕ್ಕ ಪುಸ್ತಕಕ್ಕೆ ಏರುತ್ತದೆ. ದೀಪ ಆರುವುದು ಕೊನೆಗೆ. ಯಾರೂ ಇದಕ್ಕೆ ‘ಅಂಗಡಿ ಆರಿಸಿದರು’ ಅನ್ನುವುದಿಲ್ಲ. ಬಾಗಿಲು ಹಾಕಿದರು, ಅಂಗಡಿ ಮುಚ್ಚಿದರು, ಅಷ್ಟೇ.

ಲ್ಯಾಬಿನ ಬಾಗಿಲ ಮೇಲೆ ‘ಬಾಗಿಲು ಹಾಕಿ’ ಅಂತ ಬರೆದರೆ ಲ್ಯಾಬಿನ ಬಾಗಿಲನ್ನೇ ಹಾಕುತ್ತಾರೆ. ಆದ್ದರಿಂದ ‘ಸರ್ವರ್ ಮುಚ್ಚುವುದು’. ರೀಬೂಟ್‌ಗೆ ‘ಮುಚ್ಚಿ ತೆರೆಯುವುದು’. ಎರಡು ಕೆಲಸ, ಒಂದೇ ಉಸಿರಿನಲ್ಲಿ. ಯಾವ ಸಮಾಸವೂ ಇಲ್ಲ.

ಇನ್ನು ಎಚ್ಚರಿಕೆ ಕಳಿಸುವ ‘ವಾಲ್’ ಆಜ್ಞೆಗೆ ‘ಗೋಡೆಬರಹ’ ಸೂಚಿಸಿದವರಿಗೆ: ಅದು ಗೋಡೆ ಅಲ್ಲ, ‘ರೈಟ್ ಆಲ್’, ಅಂದರೆ ‘ಎಲ್ಲರಿಗೂ ಬರೆ’ ಅನ್ನುವುದರ ಮೊಟಕು. ರೀಬೂಟಿನ ಬೂಟು ಕೂಡ ಬರೀ ಪಾದರಕ್ಷೆ ಅಲ್ಲ, ಬೂಟನ್ನು ಎಳೆದು ಹಾಕಿಕೊಳ್ಳುವ ಪಟ್ಟಿಯಿಂದ ಬಂದದ್ದು. ತನ್ನ ಪಟ್ಟಿ ಹಿಡಿದು ತನ್ನನ್ನೇ ಎತ್ತಿಕೊಳ್ಳುವುದು. ಪದದ ಹುಟ್ಟು ಚೆನ್ನಾಗಿದೆ, ಬೋರ್ಡಿಗೆ ಬೇಕಿಲ್ಲ.

ಸದ್ಯ ಬೋರ್ಡಿನ ಬರಹ ಹೀಗಿದೆ:

‘ಸರ್ವರ್ ಸ್ವಿಚ್ ಮುಟ್ಟಬೇಡಿ. ಮುಚ್ಚುವುದಾದರೆ 10 ನಿಮಿಷ ಮೊದಲು ಎಲ್ಲರಿಗೂ ಸಂದೇಶ ಕಳಿಸಿ. ಲ್ಯಾಬ್ ಖಾಲಿ ಇದ್ದರೂ ಒಳಗೆ ಜನ ಇರಬಹುದು.’

ಉಳಿದ ಅನುಮಾನ ಒಂದೇ. ಕಂಪ್ಯೂಟರಿನ ಫೈಲ್, ಕಿಟಕಿಗಳಿಗೂ (ವಿಂಡೋ) ‘ಮುಚ್ಚು’ ಅಂತಲೇ ಇದೆ. ‘ಸರ್ವರ್ ಮುಚ್ಚಿ’ ಅಂದಾಗ ಬರೀ ತಮ್ಮ ಲಾಗಿನ್ ಕಿಟಕಿ ಮುಚ್ಚಿ ಎದ್ದು ಹೋಗುತ್ತಾರಾ? ಹಲವು ಜನ ಬಳಸುವ ಯಂತ್ರವನ್ನು ಕೈಯಾರೆ ನೋಡಿಕೊಂಡವರು ಯಾರಾದರೂ ಭಾನುವಾರ ರಾತ್ರಿಯೊಳಗೆ ತಿಳಿಸಿ.