ಕೋವಿ ಲೈಸೆನ್ಸ್ ರಿನ್ಯೂವಲ್: ಆನ್‌ಲೈನ್‌ನಲ್ಲಿ ಎಷ್ಟಾಗುತ್ತೆ, ಕಚೇರಿಗೆ ಯಾವುದಕ್ಕೆ ಹೋಗಬೇಕು?

ಪ್ರಶ್ನೆ (ಬೆಳೆಗಾರರು, ಸಕಲೇಶಪುರ): ವಕೀಲರೇ, ನಮಸ್ಕಾರ. ಬೆಳೆ ರಕ್ಷಣೆಗೆ ಅಂತ ಕೊಟ್ಟಿರುವ ಒಂಟಿ ನಳಿಗೆ ತೋಟಾ (ಕಾರ್ಟ್ರಿಜ್) ಕೋವಿಯ ಲೈಸೆನ್ಸ್ ಇನ್ನು ಮೂರು ತಿಂಗಳಿಗೆ ಮುಗಿಯುತ್ತೆ. ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಗಿರುತ್ತೆ, ಹಾಸನಕ್ಕೆ ಓಡಾಡೋದು ಕಷ್ಟ. ಸೈಬರ್ ಸೆಂಟರಿನವರು ಎಲ್ಲಾ ಆನ್‌ಲೈನಲ್ಲೇ ಆಗುತ್ತೆ ಅಂತಾರೆ, ತಾಲ್ಲೂಕು ಕಚೇರಿಯಲ್ಲಿ ಡಿಸಿ ಆಫೀಸಿಗೇ ಹೋಗಿ ಅಂತಾರೆ. ಯಾವುದು ಸರಿ?

ಉತ್ತರ (ವಕೀಲರು, ಹಾಸನ): ಅರ್ಜಿ ತುಂಬೋದು ಆನ್‌ಲೈನ್. ಕೋವಿ ತೋರಿಸೋದು, ಲೈಸೆನ್ಸ್ ಪುಸ್ತಕದ ಮೇಲೆ ನವೀಕರಣದ ಹಿಂಬರಹ ಹಾಕಿಸೋದು ಆನ್‌ಲೈನಲ್ಲಿ ಆಗಲ್ಲ. 2019ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದರು. ಆಯುಧ ಕಾಯ್ದೆಯ 15ನೇ ಕಲಮಿಗೆ ಆಗಲೇ ಒಂದು ಷರತ್ತನ್ನೂ ಸೇರಿಸಿದರು: ಐದು ವರ್ಷಕ್ಕೊಮ್ಮೆ ಲೈಸೆನ್ಸ್, ಕೋವಿ, ಸಂಬಂಧಪಟ್ಟ ದಾಖಲೆ ಮೂರನ್ನೂ ಲೈಸೆನ್ಸ್ ಪ್ರಾಧಿಕಾರದ ಮುಂದೆ ಹಾಜರುಪಡಿಸಬೇಕು. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಆ ಪ್ರಾಧಿಕಾರ ಜಿಲ್ಲಾಧಿಕಾರಿಗಳು. ಹಾಗಾಗಿ ಮನೇಲೇ ಕೂತು ಮುಗಿಸಿಕೊಡ್ತೀವಿ ಅನ್ನೋರಿಗೆ ದುಡ್ಡು ಕೊಡಬೇಡಿ.

ನಿಮಗೆ ಮೂರು ತಿಂಗಳಿದೆ, ಸಾಕಷ್ಟು ಸಮಯ. ಮುಗಿಯುವ ದಿನಕ್ಕೆ ಕನಿಷ್ಠ 60 ದಿನ ಮೊದಲೇ ಅರ್ಜಿ ಒಳಗೆ ಹೋಗಿರಲಿ.

ಮೊದಲು ಪುಸ್ತಕ ತೆಗೆದು ಯುಐಎನ್ ನಂಬರ್ ಇದೆಯಾ ನೋಡಿ. ರಾಷ್ಟ್ರೀಯ ದತ್ತಾಂಶದಲ್ಲಿ ನಿಮ್ಮ ಲೈಸೆನ್ಸಿಗೆ ಕೊಟ್ಟ ಗುರುತಿನ ಸಂಖ್ಯೆ ಅದು. ಇದ್ದರೆ ಕೇಂದ್ರ ಸರ್ಕಾರದ ಆಯುಧ ಲೈಸೆನ್ಸ್ ಪೋರ್ಟಲ್ ಆದ ಎನ್‌ಡಿಎಎಲ್-ಎಎಲ್‌ಐಎಸ್‌ನಲ್ಲಿ ರಾಜ್ಯ, ಜಿಲ್ಲೆ ಆರಿಸಿಕೊಂಡು ನವೀಕರಣದ ಅರ್ಜಿ ತುಂಬಬಹುದು. ಅದು ನಮೂನೆ ಎ-3. ಯುಐಎನ್ ಇಲ್ಲದಿದ್ದರೆ ಪೋರ್ಟಲ್ ಮುಂದೆ ಕೂರೋದೇ ವ್ಯರ್ಥ. ಡಿಸಿ ಕಚೇರಿಯ ಎಂಎಜಿ (ದಂಡಾಧಿಕಾರಿ) ಶಾಖೆಗೆ ಪುಸ್ತಕದ ಸಮೇತ ಹೋಗಿ ವಿಚಾರಿಸಿ, ಲೈಸೆನ್ಸ್ ಕೊಟ್ಟ ಮೂಲ ಕಡತ ಹುಡುಕಿಸಬೇಕಾಗುತ್ತೆ.

ತುಂಬಿದ ಮೇಲೆ ಬರುವ ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರಿಂಟ್ ತೆಗೆದು ಸಹಿ ಹಾಕಿ, ಮೂಲ ಪುಸ್ತಕ ಮತ್ತು ಅದರ ಎಲ್ಲಾ ಪುಟಗಳ ಜೆರಾಕ್ಸ್, ಆಧಾರ್, ಫೋಟೊ, ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ, ಬೆಳೆ ರಕ್ಷಣೆಯದ್ದಾದ್ದರಿಂದ ಚಾಲ್ತಿ ಪಹಣಿ, ಇಷ್ಟನ್ನೂ ಸೇರಿಸಿ ಕೊಡಿ. ಎಸ್-3 ಅಂದರೆ ದೇಹ, ಮನಸ್ಸು ಎರಡರ ಆರೋಗ್ಯಕ್ಕೂ ವೈದ್ಯರು ಸಹಿ ಮಾಡಬೇಕಾದ ನಿಗದಿತ ನಮೂನೆ. ಲೆಟರ್‌ಹೆಡ್ಡಿನಲ್ಲಿ 'ಆರೋಗ್ಯವಾಗಿದ್ದಾರೆ' ಅಂತ ಒಂದು ಸಾಲು ಬರೆಸಿಕೊಂಡು ಹೋದರೆ ವಾಪಸ್ ಕಳಿಸುತ್ತಾರೆ.

ಶುಲ್ಕ ಕೋವಿಯ ಬಗೆ ನೋಡಿ, ವರ್ಷಕ್ಕಿಷ್ಟು ಅನ್ನೋ ಲೆಕ್ಕ. ಕಟ್ಟೋದು ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರ ಚಲನ್ ಮೂಲಕ. ಲೆಕ್ಕ ಶೀರ್ಷಿಕೆಯನ್ನೂ ಮೊತ್ತವನ್ನೂ ಕೇಸ್ ವರ್ಕರ್ ಹತ್ತಿರ ಬರೆಸಿಕೊಂಡೇ ಚಲನ್ ತೆಗೆಯಿರಿ. ಬೇರೆ ಶೀರ್ಷಿಕೆಗೆ ಹೋದ ದುಡ್ಡು ವಾಪಸ್ ತರಿಸೋದು ರಿನ್ಯೂವಲ್‌ಗಿಂತ ದೊಡ್ಡ ಕೆಲಸ.

ಡಿಸಿ ಕಚೇರಿಯ ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದ ಮೇಲೆ ಕಡತ ಸಾಮಾನ್ಯವಾಗಿ ಪೊಲೀಸ್ ವರದಿಗೆ ಹೋಗುತ್ತೆ, ಬೆಳೆ ರಕ್ಷಣೆಯದ್ದಾದರೆ ತಹಶೀಲ್ದಾರರ ಕಡೆಗೂ ಹೋಗಬಹುದು. ತಡ ಆಗೋದು ಬಹುತೇಕ ಇಲ್ಲೇ. ಠಾಣೆಯವರು ಮನೆಗೆ ಬಂದಾಗ ಕೋವಿ, ಪುಸ್ತಕ, ಲೈಸೆನ್ಸಿನಲ್ಲಿರುವ ವ್ಯಕ್ತಿ ಮೂರೂ ಅಲ್ಲಿರಬೇಕು. ಲೈಸೆನ್ಸ್‌ದಾರರು ಬೆಂಗಳೂರಲ್ಲಿ, ಕೋವಿ ತೋಟದ ರೈಟರ ಕೈಯಲ್ಲಿ ಅನ್ನೋ ಪರಿಸ್ಥಿತಿ ಇದ್ದರೆ ವರದಿ ಕೆಡುತ್ತೆ, ಅದು ಕಾನೂನಿನ ಪ್ರಕಾರವೂ ತಪ್ಪು.

ಪ್ರಶ್ನೆ (ಬೇಲೂರು): ಸರ್, ನಮ್ಮ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ಲೈಸೆನ್ಸ್ ನನ್ನ ಹೆಸರಲ್ಲಿ. ತೊಂದರೆ ಆಗುತ್ತಾ?

ಉತ್ತರ (ವಕೀಲರು): ಆಗಬಹುದು. ಬೆಳೆ ರಕ್ಷಣೆ ಲೈಸೆನ್ಸ್ ನಿಂತಿರೋದೇ ನೀವು ಆ ಜಮೀನು ಸಾಗುವಳಿ ಮಾಡ್ತೀರಿ ಅನ್ನೋದರ ಮೇಲೆ. ಸದ್ಯಕ್ಕೆ ವಂಶವೃಕ್ಷ, ಜಂಟಿ ಕುಟುಂಬದ ಉಳಿದವರ ಒಪ್ಪಿಗೆ ಪತ್ರ ಲಗತ್ತಿಸಿ. ಜತೆಗೇ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಹಾಕಿಬಿಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಬೇಟೆಗೆ ಅನುಮತಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಮೇಲೆ ಹಾಗೇ ಇದೆ. ಭದ್ರಾ ಅಭಯಾರಣ್ಯದ ಅಂಚಿನ ತೋಟದವರು ಕೋವಿ ಹೆಗಲಿಗೆ ಹಾಕಿಕೊಂಡು ಗಡಿ ದಾಟಿದರೆ, ಗುಂಡು ಹಾರಿಸದಿದ್ದರೂ ಕೇಸಾಗುತ್ತೆ. ಅಂಥ ಒಂದು ಕೇಸಿದ್ದರೆ ರಿನ್ಯೂವಲ್ ಅಲ್ಲೇ ನಿಲ್ಲುತ್ತೆ.

ಪ್ರಶ್ನೆ (ಮೂಡಿಗೆರೆ): ನಮ್ಮದು ಹಳೇ ಕೇಪಿನ ಕೋವಿ, ಮೂತಿಯಿಂದ ಮದ್ದು ಜಡಿಯೋದು. ನಂಬರ್ ತುಕ್ಕು ಹಿಡಿದು ಓದೋಕೇ ಆಗ್ತಿಲ್ಲ. ತಪಾಸಣೆಗೆ ತಗೊಂಡು ಹೋಗೋ ಮುಂಚೆ ಉಪ್ಪುಕಾಗದ ಹಾಕಿ ಉಜ್ಜಲಾ?

ಉತ್ತರ (ಬಂದೂಕು ರಿಪೇರಿಯವರು, ಚಿಕ್ಕಮಗಳೂರು): ಬೇಡವೇ ಬೇಡ ಅಣ್ಣ! ಉಪ್ಪುಕಾಗದ ತುಕ್ಕಿನ ಜತೆ ನಂಬರನ್ನೂ ತೆಗೆಯುತ್ತೆ. ನಂಬರ್ ಅಳಿಸೋದು ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ನಿಷಿದ್ಧ. ಅಳಿಸಿದ ನಂಬರಿನ ಕೋವಿ ಯಾರ ಹತ್ತಿರ ಸಿಗುತ್ತೋ ಅವರೇ ಅಳಿಸಿದ್ದು ಅಂತ ಮೊದಲು ಭಾವಿಸುತ್ತಾರೆ, ಅಲ್ಲ ಅಂತ ನೀವೇ ತೋರಿಸಬೇಕು.

ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಆ ಜಾಗದ ಮೇಲೆ ಒಂದು ರಾತ್ರಿ ಸುತ್ತಿಡಿ. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿ, ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಅಕ್ಷರದ ಗೀರಿನಲ್ಲಿ ಸುಣ್ಣ ಕೂತು ನಂಬರ್ ಬೆಳ್ಳಗೆ ಎದ್ದು ಕಾಣುತ್ತೆ. ಕೇಪಿನ ಕೋವಿಯಲ್ಲಿ ಸಾಮಾನ್ಯವಾಗಿ ನಳಿಗೆಯ ಹಿಂಭಾಗದಲ್ಲಿ, ಕೇಪು ಕೂರುವ ಮೊಳೆಯ ಹತ್ತಿರ ಹುಡುಕಿ. ತೋಟಾ ಕೋವಿಯಾದರೆ ಮಡಿಸಿದಾಗ ಕಾಣುವ ನಳಿಗೆಯ ಅಡಿಯ ಚಪ್ಪಟೆ ಜಾಗದಲ್ಲಿ, ಮುಂದಿನ ಮರದ ಹಿಡಿ ಕಳಚಿದರೆ ಅದರ ಕಬ್ಬಿಣದ ಮೇಲೂ ಇರುತ್ತೆ. ಪುಸ್ತಕದಲ್ಲಿ ಬರೆದ ನಂಬರಿಗೆ ಒಂದೊಂದೇ ಅಂಕಿ ಹೋಲಿಸಿ. 3 ಇದ್ದದ್ದು 8, 1 ಇದ್ದದ್ದು 7 ಆಗಿ ದಾಖಲಾಗಿರೋದೇ ಜಾಸ್ತಿ. ವ್ಯತ್ಯಾಸ ಕಂಡರೆ ಪುಸ್ತಕದ ಮೇಲೆ ನೀವು ಪೆನ್ನು ಇಡಬೇಡಿ. ತಿದ್ದುಪಡಿಗೆ ಅರ್ಜಿ ಕೊಡಿ.

ಹೊರಡೋ ಮುಂಚೆ ಒಳಗೆ ಮದ್ದಿದೆಯಾ ನೋಡೋದು ಬಹಳ ಮುಖ್ಯ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಕೇಪಿನ ಕೋವಿಯಲ್ಲಿ ಹಿಂದಿನವರು ಜಡಿದ ಮದ್ದು ಹಾಗೇ ಕೂತಿರುತ್ತೆ. ಮೊದಲು ಕೇಪು ತೆಗೆಯಿರಿ. ಮೂತಿ ಯಾರ ಕಡೆಗೂ ಇಲ್ಲದ ಹಾಗೆ ಹಿಡಿದು, ನಿಮ್ಮ ಮುಖ ಪಕ್ಕಕ್ಕಿಟ್ಟುಕೊಂಡು, ಮದ್ದು ಜಡಿಯುವ ಕಡ್ಡಿಯನ್ನು ನಿಧಾನಕ್ಕೆ ಒಳಗೆ ಬಿಡಿ. ಮೂತಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ ಹೊರಗೆ ತೆಗೆದು, ನಳಿಗೆಯ ಪಕ್ಕ ಇಟ್ಟು ಅಳೆಯಿರಿ. ಕೇಪಿನ ಮೊಳೆಯ ತನಕ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಕೀಳೋಕೆ ಹೋಗಬೇಡಿ, ಹಾರಿಸಿ ಖಾಲಿ ಮಾಡೋಕಂತೂ ಬೇಡವೇ ಬೇಡ. ತುಕ್ಕು ತಿಂದ ನಳಿಗೆ ಸೀಳುತ್ತೆ. ಲೈಸೆನ್ಸ್ ಇರುವ ರಿಪೇರಿಯವರಿಗೆ ಹೇಳಿ.

ದಾರಿಯಲ್ಲಿ ಕೋವಿ ಕವರಿನೊಳಗೆ ಇರಲಿ. ತೋಟಾ ಬೇರೆ ಚೀಲದಲ್ಲಿ, ಪುಸ್ತಕ ಜೇಬಲ್ಲಿ.

ಪ್ರಶ್ನೆ (ಕೊಪ್ಪ): ಅಪ್ಪನ ಲೈಸೆನ್ಸ್ ಮುಗಿದು ಏಳು ತಿಂಗಳಾಯ್ತು, ಯಾರೂ ಗಮನಿಸಿಲ್ಲ. ಅಪ್ಪನಿಗೆ 74 ವರ್ಷ. ಈಗೇನು ಮಾಡೋದು ಸರ್?

ಉತ್ತರ (ವಕೀಲರು): ಮೊದಲು ಕೋವಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅವಧಿ ಮುಗಿದ ಮೇಲೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಠೇವಣಿ ಇಡಬೇಕು, ಅದು 21ನೇ ಕಲಮು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ 2019ರ ನಂತರ ಶಿಕ್ಷೆ ಎರಡು ವರ್ಷದಿಂದ ಐದು ವರ್ಷದವರೆಗೆ. ಇವತ್ತೇ ಠಾಣೆಗೆ ಫೋನ್ ಮಾಡಿ ತಿಳಿಸಿ, ಅವರು ಹೇಳಿದ ಹಾಗೆ ಒಪ್ಪಿಸಿ. ರಸೀದಿಯಲ್ಲಿ ಕೋವಿಯ ಬಗೆ, ನಂಬರ್, ತೋಟಾ ಎಷ್ಟು, ತಾರೀಖು, ಠಾಣೆಯ ಮೊಹರು ಇಷ್ಟೂ ಇರಲಿ.

ರಿನ್ಯೂವಲ್ ದಾರಿ ಇನ್ನೂ ಮುಚ್ಚಿಲ್ಲ. ತಡ ವಿಪರೀತ ಅಲ್ಲ ಅಂತ ಜಿಲ್ಲಾಧಿಕಾರಿಗಳಿಗೆ ಅನ್ನಿಸಿದರೆ, ನಡುವಿನ ಅವಧಿಯ ಶುಲ್ಕ ಕಟ್ಟಿಸಿಕೊಂಡು ಅರ್ಜಿ ಪರಿಗಣಿಸಬಹುದು. ಇಲ್ಲವಾದರೆ ಹೊಸ ಲೈಸೆನ್ಸಿನ ಅರ್ಜಿ ಅಂತ ನೋಡುತ್ತಾರೆ. ತಡವಾದ ಕಾರಣವನ್ನು ನೇರವಾಗಿ ಬರೆದು, ಠೇವಣಿ ರಸೀದಿ ಲಗತ್ತಿಸಿ.

ಅಪ್ಪ 70 ದಾಟಿರೋದರಿಂದ ಇನ್ನೊಂದು ದಾರಿಯೂ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ಆದಾಗ, ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದಾಗ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಬೇರೆ ವಾರಸುದಾರರ ನಿರಾಕ್ಷೇಪಣೆ ಬೇಕು, ನಿಮಗೆ ಬಂದೂಕು ತರಬೇತಿಯ ಪ್ರಮಾಣಪತ್ರವೂ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಯಾವಾಗ ಅಂತ ಠಾಣೆಯಲ್ಲಿ ಕೇಳಿ. ನನ್ನ ಅಭಿಪ್ರಾಯದಲ್ಲಿ ನಿಮಗೆ ಇದೇ ಒಳ್ಳೆಯದು. ಅಪ್ಪನ ಹೆಸರಲ್ಲೇ ಮುಂದುವರಿಸಿದರೆ ಐದು ವರ್ಷಕ್ಕೆ ಮತ್ತೆ ಇದೇ ಓಡಾಟ, ಆಗ ಅವರಿಗೆ ಇನ್ನೂ ಕಷ್ಟ.

ಪ್ರಶ್ನೆ (ಯಸಳೂರು): ಪಕ್ಕದ ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ, ನಮಗೂ ಅನ್ವಯ ಆಗುತ್ತಾ?

ಉತ್ತರ (ವಕೀಲರು): ಇಲ್ಲ. ಆ ವಿನಾಯಿತಿ ಇರೋದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೆ ಮಾತ್ರ, ಸದ್ಯ 2029ರವರೆಗೆ. ನಿಮ್ಮ ತೋಟ ಗಡಿಗೆ ಹತ್ತಿಕೊಂಡಿದ್ದರೂ ನೀವು ಹಾಸನ ಜಿಲ್ಲೆಯ ಲೆಕ್ಕ.

ಪ್ರಶ್ನೆ (ಸಕಲೇಶಪುರ, ಮೊದಲು ಕೇಳಿದವರು): ಅರ್ಜಿ ಸಮಯಕ್ಕೆ ಕೊಟ್ಟೂ ಆದೇಶ ಬರೋದು ತಡವಾದರೆ ಸ್ವೀಕೃತಿ ಇಟ್ಟುಕೊಂಡು ಕೋವಿ ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ (ವಕೀಲರು): ಸ್ವೀಕೃತಿ ಲೈಸೆನ್ಸ್ ಅಲ್ಲ. ಪುಸ್ತಕದ ತಾರೀಖು ದಾಟುವ ಮುನ್ನವೇ ಠೇವಣಿ ಇಡಿ, ಆದೇಶ ಬಂದ ಮೇಲೆ ಬಿಡಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ ಪಡೆಯಿರಿ, 18ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಮಂಜೂರಾಗಿ ಪುಸ್ತಕ ಕೈಗೆ ಬಂದಾಗ ಅಲ್ಲೇ ನಿಂತು ಹೊಸ ತಾರೀಖು, ಸಹಿ, ಮೊಹರು ನೋಡಿ. ಎನ್‌ಡಿಎಎಲ್ ದಾಖಲೆಯಲ್ಲೂ ಅದೇ ತಾರೀಖು ಹತ್ತಿಸಿದ್ದಾರಾ ಅಂತ ಕೇಸ್ ವರ್ಕರ್ ಹತ್ತಿರ ಕೇಳಿಕೊಂಡೇ ಹೊರಡಿ. ಪುಸ್ತಕದಲ್ಲಿ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು ಇದ್ದರೆ ಮುಂದಿನ ಸಲ ತೋಟಾ ತಗೊಳ್ಳೋಕೆ ಹೋದಾಗ ಡೀಲರ್ ಕೊಡಲ್ಲ.