"ಮನೆ ಜಗಲಿ" ಎಂಬ ಮನೆಮಂದಿಯ ಮೊಬೈಲ್ ಗುಂಪಿನಲ್ಲಿ ಅಜ್ಜಿಯ ಮೆಟ್ಟುಗತ್ತಿ

ದೊಡ್ಡಪ್ಪ, ಶಿವಮೊಗ್ಗ (ಹಲವು ಬಾರಿ ರವಾನೆಯಾದ ಸಂದೇಶ): ಎಚ್ಚರ! "ಮುದುಕ", "ಸುಕ್ಕು", "ನರೆ" ಎಂಬ ಪದಗಳನ್ನು ಓದಿದ ಕಾಲೇಜು ಹುಡುಗರು ಮುದುಕರಂತೆ ನಿಧಾನವಾಗಿ ನಡೆದರು! ಸಿನಿಮಾ ಪರದೆಯ ಮೇಲೆ ಕಣ್ಣಿಗೆ ಕಾಣದ ವೇಗದಲ್ಲಿ "ಪಾಪ್‌ಕಾರ್ನ್ ತಿನ್ನಿ" ಎಂದು ತೋರಿಸಿದಾಗ ಮಾರಾಟ ಶೇ. 57.5 ಏರಿತು! ನಿಮ್ಮ ಮನಸ್ಸು ನಿಮ್ಮದಲ್ಲ. ಹತ್ತು ಜನರಿಗೆ ಕಳುಹಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ಇನ್ನು ಮುಂದೆ ಅಮ್ಮನ ಎದುರು "ವಯಸ್ಸಾಯಿತು", "ಮರೆವು" ಎಂಬ ಮಾತನ್ನು ಯಾರೂ ಆಡಕೂಡದು. ಅವಳು ಮಂಕಾಗಿರುವುದು ನಮ್ಮ ಬಾಯಿಂದಲೇ.

ಸಾಗರದ ಅತ್ತೆ: ಮಾತಿಗೆ ಅಷ್ಟು ಬಲವಿದ್ದರೆ ಮದುವೆ ಕರೆಯೋಲೆಯಲ್ಲಿ "ಚಿರಂಜೀವಿ" ಎಂದು ಅಚ್ಚಾದವರೆಲ್ಲ ಇನ್ನೂ ಬದುಕಿರಬೇಕಿತ್ತು, ಅಣ್ಣ. ಅದು ಹಾಗಿರಲಿ. ಅಮ್ಮನ ಕೈಯಿಂದ ಅಡಿಕೆ ಸುಲಿಯುವ ಮೆಟ್ಟುಗತ್ತಿ ತೆಗೆಸುವ ವಿಷಯ ಏನಾಯಿತು? ಮಧ್ಯಾಹ್ನ ಉಂಡದ್ದು ನೆನಪಿಲ್ಲದವಳನ್ನು ಕತ್ತಿಯ ಮುಂದೆ ಕೂರಿಸಿದ್ದೀರಿ.

ಪುಟ್ಟಿ, ಬೆಂಗಳೂರು: ದೊಡ್ಡಪ್ಪ, ಪಾಪ್‌ಕಾರ್ನ್ ಕಥೆ ಸುಳ್ಳು. 1957ರಲ್ಲಿ ಜೇಮ್ಸ್ ವಿಕರಿ ಎಂಬ ಜಾಹೀರಾತು ಪಂಡಿತ ಹೇಳಿದ್ದು. ನ್ಯೂಜೆರ್ಸಿಯ ಒಂದು ಚಿತ್ರಮಂದಿರದಲ್ಲಿ ಪ್ರಯೋಗ ಮಾಡಿದೆ ಎಂದು ಊರೆಲ್ಲ ಡಂಗುರ ಹೊಡೆದ. ಬೇರೆಯವರು ಮಾಡಿ ನೋಡಿದರೆ ಏನೂ ಆಗಲಿಲ್ಲ. 1962ರಲ್ಲಿ ಅವನೇ ಒಪ್ಪಿಕೊಂಡ, ಅದು ವ್ಯಾಪಾರಕ್ಕಾಗಿ ಹೂಡಿದ ತಂತ್ರ ಎಂದು. ಆ 57.5 ಮಾತ್ರ ಇಂದಿಗೂ ಸಾಯಲಿಲ್ಲ. ದಶಾಂಶ ಇದ್ದರೆ ಜನ ನಂಬುತ್ತಾರೆ.

ದೊಡ್ಡಪ್ಪ: ಮುದುಕರ ಹಾಗೆ ನಡೆದದ್ದೂ ಸುಳ್ಳೋ? ವಿಶ್ವವಿದ್ಯಾಲಯದವರು ಮಾಡಿದ್ದಂತೆ.

ಪುಟ್ಟಿ: ಅದು ಸುಳ್ಳಲ್ಲ, ಆದರೆ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1996ರಲ್ಲಿ ಜಾನ್ ಬಾರ್ಘ್ ಮತ್ತು ಸಂಗಡಿಗರು 30 ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ. ಅದಲುಬದಲಾದ ಪದಗಳಿಂದ ವಾಕ್ಯ ಕಟ್ಟಲು ಕೊಟ್ಟು, ಅರ್ಧ ಜನರ ಹಾಳೆಯಲ್ಲಿ ಮುಪ್ಪಿನ ಪದಗಳನ್ನು ಬೆರೆಸಿದರು. ಅವರು ಹೊರಗೆ ಹೋಗುವಾಗ ಮೊಗಸಾಲೆ ದಾಟಲು ಎಷ್ಟು ಹೊತ್ತು ತೆಗೆದುಕೊಂಡರು ಎಂದು ಗಡಿಯಾರ ಹಿಡಿದು ಅಳೆದರು. 2012ರಲ್ಲಿ ಬ್ರಸೆಲ್ಸ್‌ನವರು 120 ಜನರನ್ನು ಕರೆದು, ಮನುಷ್ಯನ ಕೈಗೆ ಗಡಿಯಾರ ಕೊಡದೆ ಅವಗೆಂಪು ಕಿರಣದಿಂದ ಅಳೆದರು. ವ್ಯತ್ಯಾಸವೇ ಇಲ್ಲ. ಆಮೇಲೆ ತಮಾಷೆಗೆಂಬಂತೆ, ಪ್ರಯೋಗ ನಡೆಸುವವರ ಕಿವಿಯಲ್ಲಿ "ಇವರು ನಿಧಾನ ನಡೆಯುತ್ತಾರೆ" ಎಂದು ಊದಿಟ್ಟರು. ಆಗ ನಿಧಾನ ಕಂಡಿತು!

ಸಾಗರದ ಅತ್ತೆ: ಜಾತಕ ನೋಡುವವರ ಕಥೆಯೂ ಇದೇ.

ದೊಡ್ಡಪ್ಪ: ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಕಾನೆಮನ್ ಇದನ್ನು ಪುಸ್ತಕದಲ್ಲಿ ಬರೆದಿದ್ದಾರಲ್ಲ. ಅವರಿಗಿಂತ ನಿನಗೆ ಹೆಚ್ಚು ಗೊತ್ತೋ?

ಪುಟ್ಟಿ: ಬರೆದಿದ್ದರು, 2011ರಲ್ಲಿ. ಇಂಥ ಸಣ್ಣ ಸಣ್ಣ ಪ್ರಯೋಗಗಳನ್ನು ಅತಿಯಾಗಿ ನಂಬಿದ್ದೆ ಎಂದು 2017ರಲ್ಲಿ ಅವರೇ ಒಪ್ಪಿಕೊಂಡರು. ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಹೇಳಿದ ಗಂಡಸರನ್ನು ನಾನು ಕಂಡಿಲ್ಲ. ಅದಕ್ಕೇ ಅವರ ಮೇಲೆ ಗೌರವ ಹೆಚ್ಚಾಯಿತು.

ದೊಡ್ಡಪ್ಪ: 🙏

ಪುಟ್ಟಿ: ಪದದಿಂದ ಪದ ಹುಟ್ಟುವುದು ನಿಜ. 1971ರಿಂದಲೂ ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡದ್ದು: "ದಾದಿ" ಎಂದು ಓದಿದವರು "ವೈದ್ಯ" ಎಂಬುದನ್ನು ಚೂರು ಬೇಗ ಗುರುತಿಸುತ್ತಾರೆ. ನಾನು "ಗಂಗಾಸ್ನಾನ" ಎಂದರೆ ನಿಮ್ಮ ನಾಲಿಗೆಯ ಮೇಲೆ "ತುಂಗಾಪಾನ" ಬಂದು ಕುಳಿತಿರುತ್ತದೆ. ಹಾಗೆಂದು ಯಾರೂ ಎದ್ದು ಹೊಳೆಗೆ ಹೋಗಿ ನೀರು ಕುಡಿಯುವುದಿಲ್ಲ. ರವಾನೆಯ ಸಂದೇಶಗಳು ಮರೆಮಾಚುವುದು ಈ ಎರಡರ ನಡುವಿನ ದೂರವನ್ನು.

ಸಾಗರದ ಅತ್ತೆ: ಕತ್ತಿ ಕತ್ತಿ ಕತ್ತಿ. ಯಾರಾದರೂ ಉತ್ತರ ಕೊಡಿ.

ಚಿಕ್ಕಮ್ಮ, ಮನೆ: ಈಗ ಒಲೆ ಮುಂದಿನಿಂದ ಎದ್ದು ಬಂದೆ. ಅಡಿಕೆ ಬೇಯುತ್ತಿದೆ, ಅದರ ತೊಗರು ನೀರು ಉಕ್ಕದಂತೆ ನೋಡಬೇಕು. ಒಂದು ವಿಷಯ ಹೇಳಿಬಿಡುತ್ತೇನೆ. ರಕ್ತ ತೆಗೆಯಲು ಹುಡುಗನೊಬ್ಬ ತಿಂಗಳಿಗೊಮ್ಮೆ ಬರುತ್ತಾನೆ. ಹೋದ ಸಲ ನಮ್ಮ ಅತ್ತೆಗೆ, ಅಂದರೆ ಪುಟ್ಟಿಯ ಅಜ್ಜಿಗೆ, ನರ ಸಿಗದೆ ಮೂರು ಕಡೆ ಚುಚ್ಚಿದ. ಅರ್ಧ ಗಂಟೆಯಲ್ಲಿ ಅವರಿಗೆ ಅದು ಮರೆತೇಹೋಯಿತು. ಮೊನ್ನೆ ಮತ್ತೆ ಬಂದ. ಅತ್ತೆ "ಯಾರ ಮನೆ ಹುಡುಗ? ಕಾಫಿ ಕೊಡು" ಎಂದರು. ನಗುತ್ತಾ ಮಾತನಾಡಿಸುತ್ತಲೇ ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ಏಕೆ ಎಂದು ಕೇಳಿದೆ. "ಚಳಿ" ಎಂದರು. ಹೊರಗೆ ಸುಡುಬಿಸಿಲು.

ಪುಟ್ಟಿ: ಚಿಕ್ಕಮ್ಮ! ಇದು ಜಿನೀವಾದ ಕ್ಲಾಪರೇದ್ ಎಂಬ ವೈದ್ಯ 1911ರಲ್ಲಿ ಬರೆದ ಕಥೆಯೇ. ನಿಮಿಷದ ಹಿಂದಿನದೂ ನೆನಪಿರದ ರೋಗಿಯ ಕೈ ಕುಲುಕುವಾಗ ಆತ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಟ್ಟು ಚುಚ್ಚಿದ. ಆಮೇಲೆ ಅವಳಿಗೆ ಚುಚ್ಚಿದ್ದು ನೆನಪಿಲ್ಲ, ಆದರೆ ಕೈ ಮಾತ್ರ ಕೊಡಲೊಲ್ಲಳು. ಕೇಳಿದರೆ ಕೆಲವರು ಕೈಯಲ್ಲಿ ಸೂಜಿ ಇಟ್ಟುಕೊಳ್ಳುತ್ತಾರೆ ಎಂದಳಂತೆ. ನಮ್ಮ ಅಜ್ಜಿಯ "ಚಳಿ" ಅದಕ್ಕಿಂತ ಸಭ್ಯವಾದ ಉತ್ತರ.

ಇನ್ನೊಬ್ಬರು ಹೆನ್ರಿ ಮೊಲೇಸನ್. 1953ರಲ್ಲಿ ಅಪಸ್ಮಾರಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಅವರಿಗೆ ಮಾತ್ರ ಪ್ರತಿ ಸಲವೂ ಅದೇ ಮೊದಲು. ಕೈಯ ನೆನಪಿನ ಕೋಣೆ ಬೇರೆ, ಊಟದ ನೆನಪಿನ ಕೋಣೆ ಬೇರೆ. ಅದಕ್ಕೇ ಹೇಳುವುದು, ಕತ್ತಿ ಅಜ್ಜಿಯ ಬಳಿ ಇರಲಿ.

ಸಾಗರದ ಅತ್ತೆ: ಕೋಣೆ ಬೇರೆ ಇರಬಹುದು, ಕಣ್ಣು? ಪೊರೆ ತೆಗೆಸಿ ಎರಡು ವರ್ಷವಾಯಿತು, ಆದರೂ ಸಂಜೆ ಏನೂ ಕಾಣುವುದಿಲ್ಲ. ಜಿನೀವಾದ ಹೆಂಗಸಿಗೆ ಚುಚ್ಚಿದ್ದು ಗುಂಡುಸೂಜಿ. ಇದು ಅಡಿಕೆ ಕತ್ತಿ. ಬೆರಳು ಹೋದರೆ ಮಿಲ್ನರ್ ಬಂದು ಹೊಲಿಯುತ್ತಾರೆಯೇ?

ಪುಟ್ಟಿ: ಅದು ಒಪ್ಪಬೇಕಾದ ಮಾತು.

ಚಿಕ್ಕಮ್ಮ: ನಿಮ್ಮ ಮಾತಿಗೆ ಬೆಲೆ ಕೊಟ್ಟು ಸೋಮವಾರ ಕತ್ತಿಯನ್ನು ಅಟ್ಟಕ್ಕೆ ಹಾಕಿಸಿದ್ದೆವು. ಯಾರಿಗೂ ಹೇಳಲಿಲ್ಲ, ಜಗಳವಾಗುತ್ತದೆ ಎಂದು. ರಾತ್ರಿ ಸುಲಿಯುವವರೆಲ್ಲ ಕುಳಿತ ಮೇಲೆ ಅತ್ತೆ ಬಂದು ತಮ್ಮ ಜಾಗದಲ್ಲಿ ಕುಳಿತರು. ಬುಟ್ಟಿಗೆ ಕೈ ಹಾಕಿ ಒಂದೊಂದೇ ಅಡಿಕೆ ತೆಗೆದರು. ಹಣ್ಣಾದ ಗೋಟನ್ನು ನೋಡದೆಯೇ ಬೆರಳಲ್ಲಿ ಒತ್ತಿ ಪಕ್ಕಕ್ಕೆ ಎಸೆದರು. ಉಳಿದದ್ದನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ಒತ್ತುತ್ತಿದ್ದರು, ಕತ್ತಿಯ ಅಲಗು ಇರುತ್ತಿದ್ದ ಎತ್ತರಕ್ಕೇ ಸರಿಯಾಗಿ. ಕಾಲು ಬರಿ ನೆಲವನ್ನು ಮೆಟ್ಟಿ ಹಿಡಿದಿತ್ತು. ಕತ್ತಿ ಎಲ್ಲಿ ಎಂದು ಕೇಳಲೇ ಇಲ್ಲ. ನೋಡಲಾಗದೆ ಮಂಗಳವಾರ ಇಳಿಸಿ ಕೊಟ್ಟೆ.

ಚಿಕ್ಕಮ್ಮ: ತೊಗರು ಉಕ್ಕಿತು. ಬಂದೆ.

ದೊಡ್ಡಪ್ಪ: ಮೊಂಡು ಕತ್ತಿ ಇಟ್ಟರೆ?

ಚಿಕ್ಕಮ್ಮ: ಮೊಂಡಾದರೆ ಜಾರುತ್ತದೆ, ಆಗಲೇ ಕೈಗೆ ತಗಲುವುದು. ಪೇಟೆ ಸೇರಿ ಇದೂ ಮರೆತಿರೇ?

ಸಾಗರದ ಅತ್ತೆ: ಹಗಲು ಹೊತ್ತಿನಲ್ಲಿ ಮಾತ್ರ, ಅದೂ ಪಕ್ಕದಲ್ಲಿ ಒಬ್ಬರು ಇದ್ದರೆ ಮಾತ್ರ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ, ನಾನೇ ಕೂರುತ್ತೇನೆ. ಸುಲಿಯಲು ಬರುತ್ತದೆಯೋ ಇಲ್ಲವೋ, ಮದುವೆಯಾಗಿ ಹೋದ ಮೇಲೆ ಕತ್ತಿ ಮುಟ್ಟಿಲ್ಲ. ನಲವತ್ತು ವರ್ಷವಾಯಿತು.

ದೊಡ್ಡಪ್ಪ: ವರ್ಷದ ಮಾತು ಆಡಬೇಡಿ ಎಂದೆನಲ್ಲ.