ಸಹಾಯ ಬೇಕು: ಹೆಕ್ಸ್‌ಚಾಟ್‌ನಲ್ಲಿ ನಿಕ್‌ನೇಮ್ ಸಮಸ್ಯೆ
ನಮಸ್ಕಾರ, ಸೋಮವಾರಪೇಟೆ ಕಡೆಯವನು. ಐಆರ್‌ಸಿ (ಅಕ್ಷರದಲ್ಲೇ ಮಾತಾಡುವ ಹಳೇ ಚಾಟ್ ವ್ಯವಸ್ಥೆ) ಬಳಸೋಕೆ ಅಂತ ಹಳೇ ಡೆಸ್ಕ್‌ಟಾಪ್‌ನಲ್ಲಿ ಹೆಕ್ಸ್‌ಚಾಟ್ ಅನ್ನುವ ಪ್ರೋಗ್ರಾಂ ಹಾಕಿದ್ದೇನೆ. ಲಿಬೆರಾ ಚಾಟ್ ಅನ್ನುವ ಐಆರ್‌ಸಿ ನೆಟ್‌ವರ್ಕ್‌ಗೆ ಪೋರ್ಟ್ 6697 ಕೊಟ್ಟು ಎಸ್‌ಎಸ್‌ಎಲ್ (ಸುರಕ್ಷಿತ ಕನೆಕ್ಷನ್) ಟಿಕ್ ಮಾಡಿದರೆ ಕನೆಕ್ಟ್ ಆಗುತ್ತದೆ.

ತೊಂದರೆ ಬೇರೆ. ನಮ್ಮ ಕೊಡಗಿನ ಮಳೆಯಲ್ಲಿ ಕರೆಂಟ್ ಕಥೆ ಗೊತ್ತಲ್ವಾ, ಹೋಗಿ ಬಂದ ಮೇಲೆ ಮತ್ತೆ ಕನೆಕ್ಟ್ ಮಾಡಿದರೆ ನನ್ನ ನಿಕ್‌ನೇಮ್ ಯಾರೋ ಬಳಸುತ್ತಿದ್ದಾರೆ ಅನ್ನುತ್ತದೆ, ಆ ಯಾರೋ ನಾನೇ, ಪಿಂಗ್ ಟೈಮ್‌ಔಟ್ ಆಗುವ (ಉತ್ತರ ಬಾರದೆ ಸರ್ವರ್ ಕೈಬಿಡುವ) ತನಕ ಹಳೇ ಕನೆಕ್ಷನ್ ಸರ್ವರ್‌ನಲ್ಲಿ ಹಾಗೇ ಕೂತಿರುತ್ತದೆ. ನಿಕ್‌ನೇಮ್‌ಗಳನ್ನು ನೋಡಿಕೊಳ್ಳುವ ನಿಕ್‌ಸರ್ವ್ ಸೇವೆಯಲ್ಲಿ ನನ್ನ ನಿಕ್ ರಿಜಿಸ್ಟರ್ ಮಾಡಿದ್ದೇನೆ. ಆದರೆ ಪ್ರತಿ ಸಲ ಪಾಸ್‌ವರ್ಡ್ ಟೈಪ್ ಮಾಡಿ ಸಾಕಾಗಿದೆ. (ಒಂದು ಸಲ ಚಾನೆಲ್‌ನಲ್ಲೇ ಎಲ್ಲರ ಮುಂದೆ ಟೈಪ್ ಮಾಡಿಬಿಟ್ಟೆ, ಮಾನ ಹೋಯ್ತು.)

ನೆಟ್‌ವರ್ಕ್ ಲಿಸ್ಟ್‌ನ ಎಡಿಟ್‌ನಲ್ಲಿ ಲಾಗಿನ್ ಮೆಥಡ್ ಅಂತ ಇದೆ. ಅಲ್ಲಿ ಎಸ್‌ಎಎಸ್‌ಎಲ್ (ಕನೆಕ್ಟ್ ಆಗುವಾಗಲೇ ಲಾಗಿನ್ ಆಗುವ ವಿಧಾನ) ಆರಿಸಿದರೆ ಸಾಕಾ? ಹಳೇ ನಿಕ್ ತಾನಾಗಿ ವಾಪಸ್ ಸಿಗಲು ಬೇರೆ ಏನಾದರೂ ಹಾಕಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ, ಈಗ ಕರೆಂಟ್ ಇದೆ.